ತ್ರಿಪುರಾಂತ ಕೆರೆಯ ಗಾಳ, ಬೇಲೆಕೇರಿಯ ಕಡಲು

ದಸರೆ ರಜೆ ಸುರುವಾದ ಮರುದಿನ ಬೆಳಿಗ್ಗೆ ನಾವು ಮೂವರು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಗುಲಬರ್ಗಾ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆವು. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಸಾಮಾನೆಂದರೆ ಒಂದು ಹಾಸಿಗೆ ಸುರುಳಿ, ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ನನ್ನ ಕೊಡೆ, ಮತ್ತು ಖಾಜಾಮಿಯಾ ಎದೆಗೆ ಅವಚಿಕೊಂಡಿದ್ದ ಒಂದು ಡಾಲ್ಡಾ ಡಬ್ಬಿ. ಡಬ್ಬಿಯೊಳಗೆ ಬಸವಕಲ್ಯಾಣದ ಕರಿ ಎರೆಮಣ್ಣು, ಮಣ್ಣಿನ ತುಂಬ ಎರೆಹುಳ. ನಾವು ಹೊರಟಿದ್ದುದು ಅರಬ್ಬೀ ಸಮುದ್ರಕ್ಕೆ, ಮೀನು ಹಿಡಿಯಲು.

ನಾನು ಹುಮನಾಬಾದಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎಷ್ಟೋ ಸಮುದ್ರಗಳನ್ನು ಬರೆದು ಒರೆಸಿದ್ದೆ, ಕಣ್ಣಿಂದ ಒಂದನ್ನೂ ಕಂಡಿರಲಿಲ್ಲ. ಖಾಜಾಮಿಯಾ ಬಸವಕಲ್ಯಾಣದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಮಾರುತಿ ಹುಡಗಿ ಎಂಬ ಗ್ರಾಮದವನು, ಹುಮನಾಬಾದಿನ ಬಸ್ ನಿಲ್ದಾಣದ ಎದುರು ಅವನ ಚಹಾದಂಗಡಿ. ರವಿವಾರ ಬಂತೆಂದರೆ ನಾವು ಮೂವರೂ ಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಸೇರುತ್ತಿದ್ದೆವು.

ನಮ್ಮದು ತಳದ ಗಾಳ. ದಾರಕ್ಕೆ ಭಾರವಾಗಿ ಖಾಜಾನ ಅಂಗಡಿಯ ಹಳೆ ನಟ್ಟೊಂದನ್ನು ಕಟ್ಟಿ, ಗಾಳಕ್ಕೆ ಎರೆಹುಳ ಚುಚ್ಚಿ ಕೆರೆಯ ತಳಕ್ಕೆ ಬಿಡುವುದು. ದಾರದ ಈಚೆ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿಬಿಡುವುದು. ಬೀಡಿಗೆ, ಎಲೆ ಅಡಿಕೆಗೆ ಕೈ ಖಾಲಿ ಇರಬೇಕಲ್ಲ. ಮೀನು ಕಚ್ಚಿದರೆ ಕಾಲಬೆರಳು ಜಗ್ಗುತ್ತದೆ, ಎದ್ದು ಎಳೆದುಕೊಂಡರಾಯಿತು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ. ಇದರಲ್ಲಿ ಮಾರುತಿಯನ್ನು ಮೀರಿಸುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಮಲಗಿದ್ದಲ್ಲಿಂದಲೇ, ಟವೆಲ್ ತೆಗೆಯದೆ, ಬಂದದ್ದು ಚೇಳುಮೀನೋ ಏಡಿಯೋ ಎಂದು ಹೇಳುತ್ತಿದ್ದ.

ಹಿಂದಿನ ಚಳಿಗಾಲದಲ್ಲಿ ದುಬಲಗುಂಡಿಯ ನೆಂಟರ ಹೊಲದಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಮಾರುತಿಯ ಬಲಗೈಯ ಎರಡು ಬೆರಳು ಹೋದವು, ತೋರುಬೆರಳು ಮತ್ತು ಅದರ ಪಕ್ಕದ್ದು. ಗಾಯ ಮಾಯಿತು. ಚಹಾದಂಗಡಿ ಎಂದಿನಂತೆ ನಡೆಯಿತು, ಅವನ ಕುಚೇಷ್ಟೆಯೂ ಕಡಿಮೆಯಾಗಲಿಲ್ಲ. ಆದರೆ ಆ ಕೈ ಹೆಗಲ ಮೇಲಿನ ಟವೆಲಿನ ಕೆಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಎಡಗೈಯಲ್ಲೇ ಚಹಾ ಸೋಸಿದ, ಎಡಗೈಯಲ್ಲೇ ಚಿಲ್ಲರೆ ಕೊಟ್ಟ. ಕೆರೆಗೆ ಕರೆದರೆ ಮಾತ್ರ ದಿನಕ್ಕೊಂದು ನೆಪ. ಕೆರೆಯ ದಂಡೆಯಲ್ಲಿ ನಾನೂ ಖಾಜಾನೂ ಇಬ್ಬರೇ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೇಸತ್ತೆವು. ಅವನು ಮತ್ತೊಮ್ಮೆ ದಾರ ಹಿಡಿಯಬೇಕು, ನಮಗೆ ಬೇಕಾಗಿದ್ದದ್ದು ಅಷ್ಟೇ.

ಕೆರೆಗೆ ಬಾರದವನನ್ನು ಸಮುದ್ರಕ್ಕೆ ಕರೆಯೋಣ ಎಂದವನು ಖಾಜಾ. ನಮ್ಮ ಶಾಲೆಯಲ್ಲಿ ಅಂಕೋಲಾ ಕಡೆಯ ಮಾಸ್ತರರೊಬ್ಬರಿದ್ದರು. ಅವರು ಬೇಲೆಕೇರಿಯ ತಿಮ್ಮಪ್ಪ ಎಂಬ ದೋಣಿಯವರಿಗೆ ನಮ್ಮ ವಿಷಯ ತಿಳಿಸಿದರು. ಮಾರುತಿ ಎಲ್ಲವನ್ನೂ ಕೇಳಿ, ಚಹಾ ಸೋಸುತ್ತಲೇ ಕರಾರು ಹಾಕಿದ.

"ಬರತೀನಿ. ಆದ್ರ ಗಾಳಕ್ಕ ಕೈ ಹಚ್ಚಂಗಿಲ್ಲ ನೋಡ್ರಿ. ನೀವಿಬ್ಬರೂ ಹಿಡೀರಿ, ನಾ ಅಡಗಿ ಮಾಡತೀನಿ. ಒಪ್ಪಿಗಿ ಇದ್ರ ಹೇಳ್ರಿ, ಇಲ್ಲಾಂದ್ರ ಇಲ್ಲೇ ಚಹಾ ಕುಡೀರಿ."

"ಒಪ್ಪಿಗಿ ಅದ," ಎಂದ ಖಾಜಾ. ಅವನ ಮುಖದಲ್ಲಿ ಒಪ್ಪಿದ ಲಕ್ಷಣವೇನೂ ಇರಲಿಲ್ಲ.

ಗುಲಬರ್ಗಾ ಬಸ್ಸು ಕಮಲಾಪುರದಲ್ಲಿ ನಿಂತಾಗ ಕೆಂಪು ಬಾಳೆಹಣ್ಣು ಕೊಂಡೆವು. ಬಿಸಿಲು ಚುರುಕಾಗಿತ್ತು, ಎರಡೂ ಬದಿಗೆ ತೊಗರಿ ಹಸಿರಾಗಿ ನಿಂತಿತ್ತು. ಗುಲಬರ್ಗಾದಲ್ಲಿ ಹುಬ್ಬಳ್ಳಿ ಬಸ್ಸು ಹಿಡಿದೆವು. ಟಿಕೆಟಿನ ದುಡ್ಡು ಕೇಳಿ ಖಾಜಾ, ಇಷ್ಟರಲ್ಲಿ ಒಂದು ಸೈಕಲ್ಲಿಗೆ ಹೊಸ ಗಾಲಿ ಬರುತ್ತಿತ್ತು ಎಂದು ಬಿಜಾಪುರದವರೆಗೂ ಮರುಗಿದ. ಮಾರುತಿ ರೊಟ್ಟಿಯ ಗಂಟು ಬಿಚ್ಚಿ ಪಕ್ಕದ ಸೀಟಿನವರಿಗೂ ಹಂಚಿದ. ಹಾಗಾಗಿ ಡಬ್ಬಿಯಿಂದ ಹುಳವೊಂದು ಹೊರಬಂದು ಯಾರದೋ ಧೋತರದ ಮೇಲೆ ಹರಿದಾಡಿದಾಗಲೂ ದೊಡ್ಡ ಜಗಳವೇನೂ ಆಗಲಿಲ್ಲ.

ಕಂಡಕ್ಟರ್ ಬಂದು ಡಬ್ಬಿಯನ್ನು ನೋಡಿದ. "ಇದೇನ್ರಿ ಸಾಹೇಬ್ರ?"

"ಮೀನಿಂದು ನಾಷ್ಟಾ," ಎಂದ ಖಾಜಾ.

"ಯಾವ ಊರ ಮೀನಿಗೆ?"

"ಸಮುದ್ರದ ಮೀನಿಗೆ."

ಕಂಡಕ್ಟರ್ ನಮ್ಮ ಮೂವರನ್ನೂ ಒಮ್ಮೆ ನೋಡಿ ಮುಂದಿನ ಸೀಟಿಗೆ ಹೋದ.

ಮರುದಿನ ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಬಸ್ಸು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯತೊಡಗಿತು. ಬಯಲಿನಲ್ಲಿ ಹುಟ್ಟಿ ಬೆಳೆದ ನಮಗೆ ರಸ್ತೆ ಹೀಗೆ ಸುತ್ತಿ ಸುತ್ತಿ ಕೆಳಗೆ ಹೋಗುವುದೇ ಒಂದು ಅಚ್ಚರಿ. ಮೇಲೆ ಬಿಸಿಲಿತ್ತು, ನಾಲ್ಕು ತಿರುವು ಕಳೆಯುವಷ್ಟರಲ್ಲಿ ಮಂಜು, ಇನ್ನೆರಡು ತಿರುವಿಗೆ ಧೋ ಎಂದು ಮಳೆ, ಕೆಳಗೆ ಮತ್ತೆ ಬಿಸಿಲು. ನಾನು ಖಾಜಾನಿಗೆ ಸಮುದ್ರದ ಗಾಳಿ ಘಟ್ಟಕ್ಕೆ ತಾಗಿ ಮಳೆಯಾಗುವ ಬಗೆಯನ್ನು ವಿವರಿಸಲು ಹೊರಟೆ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತಿದ್ದುದರಿಂದ ಪಾಠ ಅಲ್ಲಿಗೇ ನಿಂತಿತು.

ಬೇಲೆಕೇರಿ ಅಂಕೋಲೆಯಿಂದ ದೂರವಿಲ್ಲ. ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಮೊದಲು ಕಂಡಾಗ ಮೂವರೂ ಸಾಮಾನು ಕೆಳಗಿಟ್ಟು ನಿಂತೆವು. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ನೀಲಿ ಅಲ್ಲಿ ಎಲ್ಲೂ ಇರಲಿಲ್ಲ. ದಂಡೆಯ ಹತ್ತಿರ ಮಣ್ಣಿನ ಬಣ್ಣ, ಆಚೆ ಹಸಿರು, ಅದರಾಚೆ ಬೂದಿ. ನನಗೆ ಕಣ್ಣಲ್ಲಿ ನೀರು ಬಂತು, ಯಾಕೆಂದು ಈಗಲೂ ಹೇಳಲಾರೆ. ಮಾರುತಿ ನೀರಿಗಿಳಿದು ಎಡಗೈಯಲ್ಲಿ ಒಂದು ಗುಟುಕು ಎತ್ತಿ ಬಾಯಿಗೆ ಹಾಕಿಕೊಂಡು ಉಗುಳಿದ.

"ಖರೇನ ಉಪ್ಪು ಅದ ಮಾಸ್ತರ. ನೀವು ಹುಡುಗ್ರಿಗೆ ಸುಳ್ಳು ಹೇಳಾಕತ್ತಿರಲಿಲ್ಲ," ಎಂದ.

ತಿಮ್ಮಪ್ಪ ಐವತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ಮಾತು ಕಡಿಮೆ, ನಗು ಹೆಚ್ಚು. ತಮ್ಮ ಮನೆಯ ಜಗಲಿಯಲ್ಲೇ ನಮಗೆ ಚಾಪೆ ಹಾಸಿಕೊಟ್ಟರು. ಖಾಜಾ ಹೆಮ್ಮೆಯಿಂದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ತಿಮ್ಮಪ್ಪ ಒಳಗೆ ಇಣುಕಿ, ಹೆಂಡತಿಯನ್ನು ಕರೆದರು. ಆಕೆ ಪಕ್ಕದ ಮನೆಯವರನ್ನು ಕರೆದರು.

"ಇದನ್ನು ಅಲ್ಲಿಂದ ಇಲ್ಲಿವರೆಗೆ ಹೊತ್ಕಂಡು ಬಂದ್ರಾ?" ತಿಮ್ಮಪ್ಪ ಕೇಳಿದರು. "ನಮ್ಮ ಮೀನು ಇದನ್ನು ಮೂಸೂದೂ ಇಲ್ಲ ಮಾರಾಯ್ರೆ. ಅವಕ್ಕೆ ತಾರ್ಲಿ ಬೇಕು, ಶೆಟ್ಲಿ ಬೇಕು."

ತಾರ್ಲಿ ಎಂದರೆ ಬೆರಳುದ್ದದ ಬೆಳ್ಳಿ ಮೀನು, ಶೆಟ್ಲಿ ಎಂದರೆ ಸೀಗಡಿ. ಮೀನಿಗೆ ಮೀನನ್ನೇ ತಿನ್ನಿಸುವುದು ಖಾಜಾನಿಗೆ ಸ್ವಲ್ಪವೂ ಸರಿಬರಲಿಲ್ಲ. ಆದರೆ ತಿಮ್ಮಪ್ಪನ ಹೆಂಡತಿ ಆ ಕರಿಮಣ್ಣನ್ನು ಚಿಟಿಕೆಯಲ್ಲಿ ತಿಕ್ಕಿ ನೋಡಿ, ಹುಳ ಸಮೇತ ತಮ್ಮ ಮಲ್ಲಿಗೆ ಗಿಡದ ಬುಡಕ್ಕೆ ಕೇಳಿಕೊಂಡರು. ಕಲ್ಯಾಣದ ಮಣ್ಣಿಗೆ ಅಷ್ಟಾದರೂ ಮರ್ಯಾದೆ ಸಿಕ್ಕಿತೆಂದು ಅವನು ಸಮಾಧಾನಪಟ್ಟ.

ಮೊದಲ ದಿನದ ನಮ್ಮ ಮೀನುಗಾರಿಕೆ ಹೇಳಿಕೊಳ್ಳುವಂಥದಲ್ಲ. ಬೆಳಕು ಹರಿಯುವಾಗ ಆಕಾಶ ತೊಳೆದಿಟ್ಟ ಹಾಗಿತ್ತು. ದೋಣಿಯಲ್ಲಿ ತಿಮ್ಮಪ್ಪ, ಅವರ ತಮ್ಮ ಹೊನ್ನಪ್ಪ, ನಾವು ಮೂವರು. ಇನ್ನೂ ಕೊಲ್ಲಿಯ ಬಾಯಿ ದಾಟಿಲ್ಲ, ತಿಮ್ಮಪ್ಪ ಮೂಗೆತ್ತಿ ಗಾಳಿಯನ್ನು ನೋಡಿ ದೋಣಿ ತಿರುಗಿಸಿದರು. "ಗಾಳಿ ಸಮ ಇಲ್ಲ. ಚಿತ್ತೆ ಮಳೆಯನ್ನು ನಂಬೂಕೆ ಆಗೂದಿಲ್ಲ," ಎಂದರು. ನಾನು ಮೇಲೆ ನೋಡಿದೆ, ಮೋಡದ ಚೂರೂ ಇರಲಿಲ್ಲ. ನನ್ನ ಮುಖ ನೋಡಿ ಮಾರುತಿ ನಗುತ್ತಿದ್ದ. ನಾವು ದಡ ಸೇರಿ ದೋಣಿ ಎಳೆದದ್ದೇ ತಡ, ಕೊಡೆ ಬಿಚ್ಚುವಷ್ಟೂ ಪುರುಸೊತ್ತಿಲ್ಲದ ಹಾಗೆ ಮಳೆ ಹೊಡೆಯಿತು.

ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂತೆವು. ಮಾರುತಿ ತನ್ನ ಕರಾರಿನ ಪ್ರಕಾರ ಅಡುಗೆಗೆ ನಿಂತ. ತಿಮ್ಮಪ್ಪನ ಹೆಂಡತಿ ಕೊಟ್ಟ ಬಂಗಡೆ ಮೀನಿಗೆ ಅವನು ನಮ್ಮ ಕೆಂಪು ಖಾರ, ಶೇಂಗಾ ಪುಡಿ, ಗುರೆಳ್ಳು ಹಾಕಿ ಕುದಿಸಿದ. ತೆಂಗಿನಕಾಯಿ ಇಲ್ಲದ ಮೀನು ಸಾರನ್ನು ಆಕೆ ಅದೇ ಮೊದಲು ಕಂಡದ್ದು. ಒಂದು ತುತ್ತು ತಿಂದು ನೀರು ಕೇಳಿದರು, ಎರಡನೇ ತುತ್ತಿಗೆ ಇನ್ನಷ್ಟು ನೀರು, ಆಮೇಲೆ ತಟ್ಟೆ ಖಾಲಿ ಮಾಡಿ "ಅಡ್ಡಿಲ್ಲ" ಎಂದರು. ಆ ಕಡೆಯವರ ಬಾಯಲ್ಲಿ ಅಡ್ಡಿಲ್ಲ ಎಂದರೆ ಬಹಳ ಚೆನ್ನಾಗಿದೆ ಎಂದರ್ಥ, ಅದು ನಮಗೆ ಆಮೇಲೆ ತಿಳಿಯಿತು.

ಮಾರುತಿ ಸಾರಿಗೆ ಉಪ್ಪು ಹಾಕುತ್ತಿದ್ದಾಗ ತಿಮ್ಮಪ್ಪ ಅವನ ಟವೆಲಿನ ಕಡೆ ನೋಡಿದ್ದನ್ನು ನಾನು ನೋಡಿದೆ. ಸಂಜೆ ಗಾಳದ ದಾರಗಳನ್ನು ಒಣಗಿಸುವಾಗ ಅವರು ಒಂದು ಸುರುಳಿಯನ್ನು ಮಾರುತಿಯ ಮುಂದಿಟ್ಟು, "ನಾಳೆಗೆ ಇದು ನಿಮ್ದು," ಎಂದರು.

"ನಾ ಅಡಗಿಯಾಂವ್ರಿ," ಎಂದ ಮಾರುತಿ. ನಕ್ಕುಕೊಂಡೇ ಹೇಳಿದ. ಆದರೆ ಎದ್ದು ಹೋಗಿ ಸಮುದ್ರದ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತ. ನನಗೂ ಖಾಜಾನಿಗೂ ಊಟ ರುಚಿಸಲಿಲ್ಲ. ನಮಗೆ ಉಳಿದಿದ್ದದ್ದು ಒಂದೇ ದಿನ, ಆಚೆ ದಿನ ಬಸ್ಸು ಹತ್ತಬೇಕು.

ಮರುದಿನ ಬೆಳಿಗ್ಗೆ ಆಕಾಶದಲ್ಲಿ ಮೋಡ ಗುಡ್ಡೆ ಹಾಕಿತ್ತು. ಇವತ್ತೂ ಹೋಯಿತು ಎಂದುಕೊಂಡರೆ ತಿಮ್ಮಪ್ಪ ಹುಟ್ಟು ಹೆಗಲಿಗೇರಿಸಿ, "ಬನ್ನಿ, ಗಾಳಿ ಚಲೋ ಇದೆ," ಎಂದರು. ಅಲ್ಲಿಯ ಹವಾಮಾನದ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದನ್ನು ನಾನು ಅಂದೇ ಬಿಟ್ಟೆ.

ದಡದಿಂದ ದೂರ ಒಂದು ಸಣ್ಣ ನಡುಗಡ್ಡೆಯಿದೆ. ಅದರಾಚೆ ಒಂದು ಕಡೆ ದೋಣಿ ನಿಲ್ಲಿಸಿದರು. ಹಿಂದೆ ತಿರುಗಿ ನೋಡಿ, ಗುಡ್ಡದ ಬೋಳು ನೆತ್ತಿಯೂ ದಡದ ಒಂಟಿ ಮರವೂ ಒಂದೇ ಗೆರೆಗೆ ಬರುವ ತನಕ ಹೊನ್ನಪ್ಪನಿಂದ ಹುಟ್ಟು ಹಾಕಿಸಿ ಲಂಗರು ಬಿಟ್ಟರು. ನೀರಿನಡಿಯಲ್ಲಿ ಅಲ್ಲಿ ಬಂಡೆಗಳಿವೆಯಂತೆ, ಬಂಡೆಗಳ ಸಂದಿಯಲ್ಲಿ ಮುರು ಎಂಬ ದೊಡ್ಡ ಬಾಯಿಯ ಮೀನು. ಸೀಸದ ಗುಂಡು ಕಟ್ಟಿದ ದಾರವನ್ನು ಮಾರು ಮಾರಾಗಿ ಇಳಿಬಿಡಬೇಕು. ಗುಂಡು ತಳ ತಾಗಿದ ಮೇಲೆ ಒಂದು ಮೊಳ ಮೇಲೆತ್ತಿ, ತೋರುಬೆರಳ ಮೇಲೆ ದಾರ ಇಟ್ಟುಕೊಂಡು ಕಾಯಬೇಕು. ತಿಮ್ಮಪ್ಪ ಇಷ್ಟು ಹೇಳಿ ತೋರುಬೆರಳನ್ನು ಎತ್ತಿ ತೋರಿಸಿದರು. ತೋರಿಸಿದ ಮೇಲೆ ಅವರಿಗೇ ಕಸಿವಿಸಿಯಾಗಿ ಕೈ ಕೆಳಗಿಳಿಸಿದರು. ಮಾರುತಿ ಬೇರೆ ಕಡೆ ನೋಡಿದ.

ಖಾಜಾ ಮೊದಲ ಮೀನು ಎತ್ತಿದ, ಅಂಗೈಯಗಲದ ಕೆಂಪು ಮೀನು. ನನಗೆ ಮುಳ್ಳುಮುಳ್ಳಿನದೊಂದು ಸಿಕ್ಕಿತು. ಸಂತೋಷದಿಂದ ಕೂಗಾಡಿದೆವು. ಆಮೇಲೆ ನಿಂತ ದೋಣಿ ಮೇಲೆ ಕೆಳಗೆ ಆಡತೊಡಗಿತು, ನಮ್ಮ ಹೊಟ್ಟೆಯೂ. ಓಡುವ ದೋಣಿಯಲ್ಲಿ ಏನೂ ಆಗದವರು ಲಂಗರು ಹಾಕಿದ ದೋಣಿಯಲ್ಲಿ ಕುಸಿಯುತ್ತಾರೆಂದು ನನಗೆ ಯಾವ ಭೂಗೋಳದ ಪುಸ್ತಕವೂ ಹೇಳಿರಲಿಲ್ಲ. ಖಾಜಾ ಮೊದಲು ಮಲಗಿದ, ಅವನ ಮೇಲೆ ಅಡ್ಡಲಾಗಿ ನಾನು. ನಮ್ಮ ದಾರಗಳು ಇನ್ನೂ ನೀರಲ್ಲೇ ಇದ್ದವು.

ಅದೇ ಹೊತ್ತಿಗೆ ಗಾಳಿ ತಿರುಗಿತು. ಪಡುವಣದ ಮೋಡ ಕಪ್ಪಾಗಿ ನೀರಿನವರೆಗೂ ಇಳಿದಿತ್ತು. ತಿಮ್ಮಪ್ಪ ಎದ್ದು ನಿಂತು, "ಲಂಗರು ಎತ್ತು," ಎಂದು ತಮ್ಮನಿಗೆ ಹೇಳಿ ತಾವೂ ಹಗ್ಗಕ್ಕೆ ಕೈಹಾಕಿದರು. ನಮ್ಮಿಬ್ಬರ ದಾರಗಳನ್ನು ಮಾರುತಿಯ ಕಡೆ ಎಸೆದು, "ಇವನ್ನು ಒಳಗೆ ಸುತ್ತಿ, ಬೇಗ," ಎಂದರು.

ಮಾರುತಿ ಎಡಗೈಯಿಂದ ಒಂದನ್ನು ಸುತ್ತತೊಡಗಿದ. ಇನ್ನೊಂದು ಜಾರಿ ಹೋಗುತ್ತಿತ್ತು. ಆಗ ಅವನು ಮಾಡಿದ್ದು ನಮ್ಮ ಕೆರೆಯ ಕಡೆಯವರು ಮಾತ್ರ ಮಾಡುವ ಕೆಲಸ. ಆ ದಾರವನ್ನು ಕಾಲಿನ ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿಕೊಂಡ. ಕೈ ಹಚ್ಚುವುದಿಲ್ಲ ಎಂದಿದ್ದ, ಕಾಲಿನ ಮಾತು ಕರಾರಿನಲ್ಲಿ ಇರಲಿಲ್ಲ. ತಿಮ್ಮಪ್ಪ ತಿರುಗಿ ನೋಡಿದವರು ಹಗ್ಗ ಬಿಟ್ಟು ಕೂಗಿದರು.

"ಕಾಲಿಗೆ ಕಟ್ಟಬೇಡಿ, ಇದು ಕೆರೆ ಅಲ್ಲ."

ಮಾತು ಮುಗಿಯುವ ಮೊದಲೇ ದಾರ ಬಿಗಿಯಿತು. ಮಾರುತಿಯ ಕಾಲು ಎದ್ದು ದೋಣಿಯ ಅಂಚಿನ ಮೇಲೆ ಹೋಯಿತು, ಕಾಲಿನ ಹಿಂದೆ ಅವನು. ಕೂತ ಹಲಗೆಯಿಂದ ಜಾರಿ, ನನ್ನನ್ನೂ ಖಾಜಾನನ್ನೂ ದಾಟಿಕೊಂಡು ಅಂಚಿಗೆ ಬಡಿದ. ಎಡಗೈ ದೋಣಿಯ ಅಂಚನ್ನು ಹಿಡಿದಿತ್ತು, ಅದನ್ನು ಬಿಟ್ಟರೆ ಸಮುದ್ರದ ಪಾಲು. ದಾರ ಕಾಲಬೆರಳಿನ ಚರ್ಮವನ್ನು ಕೊಯ್ಯುತ್ತಿತ್ತು. ನಾನು ಅವನ ಸೊಂಟ ಹಿಡಿದೆ, ಖಾಜಾ ನನ್ನನ್ನು ಹಿಡಿದ. ಹೊಟ್ಟೆ ತೊಳೆಸುವುದು ಇಬ್ಬರಿಗೂ ಮರೆತೇಹೋಯಿತು. ತಿಮ್ಮಪ್ಪ ಚೂರಿ ತೆಗೆದುಕೊಂಡು ದಾರ ಕತ್ತರಿಸಲು ಬಗ್ಗಿದರು.

"ಕಡೀಬ್ಯಾಡ್ರಿ," ಎಂದ ಮಾರುತಿ.

ಟವೆಲ್ ಯಾವಾಗ ಬಿತ್ತೋ ತಿಳಿಯದು. ಅವನ ಬಲಗೈ ದಾರವನ್ನು ಹಿಡಿದಿತ್ತು. ಹೆಬ್ಬೆರಳು ಮತ್ತು ಉಂಗುರದ ಬೆರಳ ನಡುವೆ ದಾರ, ಕಿರುಬೆರಳು ಕೆಳಗಿನಿಂದ ಆಸರೆ. ಅವನು ಒಂದು ಮೊಳ ಎಳೆದ. ಕಾಲಬೆರಳಿನ ಮೇಲಿನ ಬಿಗಿ ಸಡಿಲಿತು, ಹೊನ್ನಪ್ಪ ಸುತ್ತು ಬಿಚ್ಚಿದ. ತಿಮ್ಮಪ್ಪ ಚೂರಿ ಹಿಡಿದುಕೊಂಡೇ ಪಡುವಣಕ್ಕೊಮ್ಮೆ, ಮಾರುತಿಯ ಕೈಗೊಮ್ಮೆ ನೋಡಿದರು.

"ಮಳೆ ಬಂತು ನೋಡಿ," ಎಂದರು.

"ಬರ್ಲಿ ಬಿಡ್ರಿ. ಅದರ ಕೆಲಸ ಅದು ಮಾಡಾಕತ್ತದ. ನಂದು ನಾ ಮಾಡಾಕತ್ತೇನಿ."

ಮಳೆ ಬಂತು. ಎದುರಿಗೆ ಕೂತವನ ಮುಖ ಕಾಣದಷ್ಟು ಬಂತು. ತಿಮ್ಮಪ್ಪನೂ ಹೊನ್ನಪ್ಪನೂ ದೋಣಿಯ ಮೂತಿಯನ್ನು ಅಲೆಗೆ ನೇರವಾಗಿ ಹಿಡಿದರು. ನಾನೂ ಖಾಜಾನೂ ಒಂದು ಡಬ್ಬಿ, ಒಂದು ಕೊಡೆ ಹಿಡಿದು ದೋಣಿಯ ನೀರನ್ನು ಹೊರಗೆ ಚೆಲ್ಲಿದೆವು. ಕೊಡೆಯನ್ನು ತಲೆಕೆಳಗು ಮಾಡಿದರೆ ಒಳ್ಳೆ ಬೋಗುಣಿಯಾಗುತ್ತದೆ. ನಡುವೆ ಮಾರುತಿ ಒಂದು ಮಾರು ಎಳೆಯುತ್ತಿದ್ದ, ಅರ್ಧ ಮಾರು ಬಿಡುತ್ತಿದ್ದ. ಯಾರೂ ಅವನಿಗೆ ಕೈಹಚ್ಚಲಿಲ್ಲ. ಖಾಜಾ ಒಮ್ಮೆ ಮುಂದೆ ಹೋಗಲು ನೋಡಿದ, ನಾನು ಅವನ ಅಂಗಿ ಹಿಡಿದು ಜಗ್ಗಿದೆ.

"ಹ್ಯಾಂಗ ಅದನೋ?" ಎಂದು ಖಾಜಾ ಮಳೆಯಲ್ಲೇ ಕೇಳಿದ.

"ಚೇಳುಮೀನಲ್ಲ," ಎಂದ ಮಾರುತಿ. "ಏಡಿನೂ ಅಲ್ಲ. ನಮ್ಮ ಮಾವನಂಗ ಹಟಾ ಮಾಡಾಕತ್ತದ."

ಕೊನೆಗೆ ದೋಣಿಯ ಪಕ್ಕದಲ್ಲಿ ಕಂದು ಬಣ್ಣದ, ಮೈತುಂಬ ಚುಕ್ಕೆಯ ದೊಡ್ಡ ಮೀನೊಂದು ಬಾಯಿ ತೆರೆದುಕೊಂಡು ಮೇಲೆ ಬಂತು. ತಿಮ್ಮಪ್ಪ ಕೊಕ್ಕೆ ಹಾಕಿ ಒಳಗೆಳೆದರು. ದೋಣಿಯ ತಳದ ನೀರಿನಲ್ಲಿ ಅದು ಹೊರಳಾಡಿತು. ಮಾರುತಿ ಕಾಲಬೆರಳಿನಿಂದ ರಕ್ತ ಸುರಿಸುತ್ತ ಹಲಗೆಯ ಮೇಲೆ ಕೂತು ನಗತೊಡಗಿದ. ಅವನ ನಗು ನೋಡಿ ಹೊನ್ನಪ್ಪ ನಕ್ಕ, ಆಮೇಲೆ ಎಲ್ಲರೂ. ಖಾಜಾ ನಗುತ್ತಲೇ ಅಳುತ್ತಿದ್ದ. ಮಳೆಯಿದ್ದುದರಿಂದ ಅದು ಯಾರಿಗೂ ಕಾಣುತ್ತಿಲ್ಲವೆಂದು ಅವನು ತಿಳಿದಿದ್ದ.

ನಾವು ಕೊಲ್ಲಿಯ ಒಳಗೆ ಬರುವಷ್ಟರಲ್ಲಿ ಬಿಸಿಲು ಬಿದ್ದಿತ್ತು.

ಬೇಲೆಕೇರಿಯ ದೋಣಿಗಳಲ್ಲಿ ಒಂದು ಪದ್ಧತಿ ಇದೆ. ದಡಕ್ಕೆ ಬಂದ ಮೇಲೆ ಮೀನನ್ನು ಮರಳ ಮೇಲೆ ಪಾಲು ಹಾಕುತ್ತಾರೆ. ದೋಣಿಗೆ ಒಂದು ಪಾಲು, ದಾರ ಹಿಡಿದವರಿಗೆ ಒಂದೊಂದು. ನೋಡಲು ಬಂದವರಿಗೆ, ಜೊತೆಗೆ ಬಂದವರಿಗೆ ಮನೆಯಲ್ಲಿ ಊಟ ಉಂಟು, ಮರಳ ಮೇಲೆ ಪಾಲಿಲ್ಲ. ತಿಮ್ಮಪ್ಪ ಸಣ್ಣ ಮೀನುಗಳನ್ನು ಗುಪ್ಪೆ ಮಾಡುತ್ತ ಹೋಗಿ, ಕೊನೆಯ ಗುಪ್ಪೆಯ ಮೇಲೆ ಆ ಮುರುವನ್ನು ಇಟ್ಟು ಮಾರುತಿಯನ್ನು ಕರೆದರು.

"ಇದು ನಿಮ್ಮ ಪಾಲು."

ಅಡಗಿಯಾಂವ ಎಂದು ಅವನು ಅನ್ನುತ್ತಾನೇನೋ ಎಂದು ನಾನು ಅವನನ್ನೇ ನೋಡಿದೆ. ಮಾರುತಿ ಕುಂಟುತ್ತ ಬಂದು ಮೀನಿನ ಕಿವಿರಿನೊಳಗೆ ಬಲಗೈ ತೂರಿಸಿ ಎತ್ತಿಕೊಂಡ. "ಕೊಡ್ರಿ," ಎಂದ, ಅಷ್ಟೇ.

ಆ ರಾತ್ರಿ ಓಣಿಯವರೆಲ್ಲ ಉಂಡರು. ಅರ್ಧ ಮೀನು ತೆಂಗಿನಕಾಯಿ ಹಾಕಿ ತಿಮ್ಮಪ್ಪನ ಹೆಂಡತಿ ಮಾಡಿದ್ದು, ಅರ್ಧ ಶೇಂಗಾ ಹಾಕಿ ಮಾರುತಿ ಮಾಡಿದ್ದು. ಯಾವುದು ಹೆಚ್ಚು ರುಚಿ ಎಂದು ನನ್ನನ್ನು ಕೇಳಿದರು. ಇಬ್ಬರ ಕೈಯಲ್ಲೂ ಸೌಟು ಇದ್ದುದರಿಂದ ಎರಡೂ ಅಡ್ಡಿಲ್ಲ ಎಂದೆ. ಬೆಳಿಗ್ಗೆ ಹೊರಡುವಾಗ ತಿಮ್ಮಪ್ಪ ದಡದವರೆಗೆ ಕರೆದೊಯ್ದು ಕಡಲನ್ನು ಇನ್ನೊಮ್ಮೆ ತೋರಿಸಿದರು. ಅಂದು ಅದು ನಾನು ಹಲಗೆಯ ಮೇಲೆ ಬರೆಯುವ ಹಾಗೆಯೇ ನೀಲಿಯಾಗಿತ್ತು.

ಹುಬ್ಬಳ್ಳಿ, ಗುಲಬರ್ಗಾ ದಾಟಿ ಹುಮನಾಬಾದಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ನಮ್ಮ ಹತ್ತಿರ ತೋರಿಸಲು ಮೀನಿನ ಒಂದು ಮುಳ್ಳೂ ಇರಲಿಲ್ಲ. ಮಾರುತಿಯ ಹೆಂಡತಿ ಚಹಾದಂಗಡಿ ನಡೆಸುತ್ತಿದ್ದಳು. ಹೈದರಾಬಾದ್ ರಸ್ತೆಯ ಲಾರಿಯವರು, ಚಿಟಗುಪ್ಪಾ ಬಸ್ಸಿಗೆ ಕಾದವರು, ಬೇಮಳಖೇಡಕ್ಕೆ ಎಮ್ಮೆ ಕೊಂಡು ಹೊರಟವರು, ಎಲ್ಲರೂ ಬೆಂಚಿನ ಮೇಲೆ ಕೂತಿದ್ದರು. ಅವನು ಕುಂಟುವುದನ್ನು ನೋಡಿ ಅವಳು ಮೊದಲು ಗಾಬರಿಯಾದಳು, ಆಮೇಲೆ ಮೀನಿನ ಮಾತು ಕೇಳಿ ನಕ್ಕಳು.

"ಎಲ್ಲಾರೂ ಹಂಗ ಹೇಳತಾರ. ಎಷ್ಟ್ ದೊಡ್ಡದಿತ್ತು ಹೇಳ್ರಿ ನೋಡಮು?"

ಮಾರುತಿ ಬಸ್ ನಿಲ್ದಾಣದ ಎದುರು, ಅಷ್ಟು ಜನರ ನಡುವೆ, ಎರಡೂ ಕೈಗಳನ್ನು ಮುಂದೆ ಚಾಚಿದ. ಎಡಗೈಯ ಐದು ಬೆರಳು, ಬಲಗೈಯ ಮೂರು ಬೆರಳು, ನಡುವೆ ಮೀನಿನಷ್ಟು ಜಾಗ. "ಇಷ್ಟ್," ಎಂದ.

ಅವಳ ನಗು ನಿಂತಿತು. ಅವಳು ನೋಡುತ್ತಿದ್ದದ್ದು ನಡುವಿನ ಜಾಗವನ್ನಲ್ಲ. ಕಣ್ಣೊರೆಸಿಕೊಂಡು, "ಖರೇನ್ರಿ ಮಾಸ್ತರ?" ಎಂದು ನನ್ನನ್ನು ಕೇಳಿದಳು.

"ಖರೇನ ಅದವ್ವ," ಎಂದೆ.

ಲಾರಿಯವನೊಬ್ಬ ದೂರದಿಂದ ಕಾಣಲಿಲ್ಲ, ಇನ್ನೊಮ್ಮೆ ತೋರಿಸು ಎಂದ. ಮಾರುತಿ ತೋರಿಸಿದ, ಈ ಸಲ ಒಂದು ಗೇಣು ಹೆಚ್ಚಿಗೆ. ಆ ವಾರವೆಲ್ಲ ಬಂದವರಿಗೆಲ್ಲ ತೋರಿಸಿದ, ಮೀನು ದಿನದಿನಕ್ಕೂ ಬೆಳೆಯಿತು. ನಾನಾಗಲಿ ಖಾಜಾನಾಗಲಿ ತಕರಾರು ತೆಗೆಯಲಿಲ್ಲ. ಅದು ತಿಮಿಂಗಿಲದಷ್ಟು ಬೆಳೆದಿದ್ದರೂ ನಾವು ಸಾಕ್ಷಿ ಹೇಳುತ್ತಿದ್ದೆವು.